ನರ್ಸರಿಯಿಂದ ತಂದ ಮೂರು ಕುಂಡ ಆರ್ಕ್ಟಿಕ್ ಡೇಸಿ: ಒಂದು ವಿಮರ್ಶೆ

ಕಳೆದ ಮೇ ತಿಂಗಳ ಕೊನೆಯ ವಾರದಲ್ಲಿ ಅಲಾಸ್ಕಾದ ಆಂಕರೇಜ್ ನಗರದ ಹೊರವಲಯದ ನರ್ಸರಿಯೊಂದರಿಂದ ‘ಆರ್ಕ್ಟಿಕ್ ಡೇಸಿ, ಅಲಾಸ್ಕಾದ ಸ್ವಂತ ಹೂವು’ ಎಂಬ ಚೀಟಿ ಚುಚ್ಚಿದ್ದ ಮೂರು ಕುಂಡಗಳನ್ನು ತಂದೆ. ಕುಂಡವೊಂದಕ್ಕೆ 14 ಡಾಲರ್ ಕೊಟ್ಟೆ. ಪಕ್ಕದ ಸಾಲಿನಲ್ಲಿದ್ದ ಸಾಮಾನ್ಯ ಡೇಸಿ ಗಿಡಗಳಿಗಿಂತ ಇದು ದುಬಾರಿ. ಕಾರಣ ಕೇಳಿದಾಗ, ಇದು ಇದೇ ನೆಲದ ಕಾಡುಗಿಡವೆಂದೂ ತಾವೇ ಬೀಜದಿಂದ ಬೆಳೆಸಿದ್ದೆಂದೂ ಅಂಗಡಿಯವರು ಹೇಳಿದರು. ಕುಮಟಾ ತಾಲ್ಲೂಕಿನ ಮನೆಯಂಗಳದಲ್ಲಿ ಸೇವಂತಿಗೆಯನ್ನು ನೋಡುತ್ತ ಬೆಳೆದ ನನಗೆ, ಅದರ ಹತ್ತಿರದ ಬಂಧುವೊಂದು ಹಿಮಸೀಮೆಯ ಕಡಲಂಚಿನಲ್ಲಿ ಬದುಕುತ್ತದೆ ಎಂಬ ಒಂದೇ ಸಂಗತಿ ಕೊಳ್ಳುವುದಕ್ಕೆ ಸಾಕಾಗಿತ್ತು. ಸೆಪ್ಟೆಂಬರ್ ನಡುವಿನವರೆಗೆ ಮೂರೂ ಕುಂಡಗಳ ಮೇಲೆ ಕಣ್ಣಿಟ್ಟು, ನಡುವೆ ಒಮ್ಮೆ ಗಿಡದ ಸಹಜ ನೆಲೆಗೇ ಹೋಗಿ ಬಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನರ್ಸರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ. ಮೂರು ಕುಂಡಗಳಲ್ಲಿ ಎರಡರಲ್ಲಿ ಇದ್ದದ್ದು ಅಪ್ಪಟ ಆರ್ಕ್ಟಿಕ್ ಡೇಸಿ. ಮೂರನೆಯದರಲ್ಲಿ ಇದ್ದದ್ದು ಬೇರೆಯೇ ಗಿಡ, ಅದೂ ಅಲಾಸ್ಕಾದಲ್ಲಿ ಯಾರೂ ನೆಡಬಾರದ ಗಿಡ. ಐದು ಅಂಕಗಳಲ್ಲಿ ಗಿಡಕ್ಕೆ ನಾಲ್ಕೂವರೆ ಕೊಡುತ್ತೇನೆ, ಅದರ ಜೊತೆಗೆ ಬಂದ ಚೀಟಿಗೆ ಒಂದನ್ನು ಮಾತ್ರ. ಆ ಒಂದು ಅಂಕವೂ ಚೀಟಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘ಕ್ರಿಸಾಂತಿಮಮ್ ಆರ್ಕ್ಟಿಕಮ್’ ಎಂಬ ವೈಜ್ಞಾನಿಕ ಹೆಸರನ್ನು ತಪ್ಪಿಲ್ಲದೆ ಅಚ್ಚು ಹಾಕಿದ್ದಕ್ಕೆ. ಆ ಹೆಸರು ಇದ್ದುದರಿಂದಲೇ ನಾನು ಮುಂದಿನದನ್ನೆಲ್ಲ ಹುಡುಕಿಕೊಳ್ಳಲು ಸಾಧ್ಯವಾಯಿತು.

ಚೀಟಿಯ ಉಳಿದ ಮಾತುಗಳು ಹೀಗಿದ್ದವು: ಗಿಡದ ಎತ್ತರ 45 ಸೆಂಟಿಮೀಟರ್, ಬೇಸಿಗೆಯುದ್ದಕ್ಕೂ ಹೂ, ಗೊಬ್ಬರ ತುಂಬಿದ ಫಲವತ್ತಾದ ಮಣ್ಣು ಬೇಕು, ಮೂಲ ನೆಲೆ ಉತ್ತರ ಧ್ರುವದ ಬಯಲು. ಈ ನಾಲ್ಕರಲ್ಲಿ ಒಂದೂ ನಿಲ್ಲುವುದಿಲ್ಲ. ಅವುಗಳನ್ನು ಒಂದೊಂದಾಗಿ ಅಲ್ಲಗಳೆಯುವುದಕ್ಕಿಂತ, ಕುಂಡದಲ್ಲಿ ನಿಜವಾಗಿ ಏನಿತ್ತು ಎಂಬುದನ್ನು ವಿವರಿಸಿದರೆ ಚೀಟಿಯ ಮಾತು ತಾನಾಗಿಯೇ ಬಿದ್ದುಹೋಗುತ್ತದೆ.

ಕೊಂಡ ದಿನ ಎರಡು ಕುಂಡಗಳಲ್ಲಿ ಕಂಡದ್ದು ಮಣ್ಣಿಗೆ ಒತ್ತಿಕೊಂಡಂತಿದ್ದ ಎಲೆಗಳ ಒಂದು ಸಣ್ಣ ಗುಂಪು. ಇದು ಬಹುವಾರ್ಷಿಕ ಸಸ್ಯ. ನೆಲದೊಳಗೆ ಅಡ್ಡಡ್ಡ ಹರಿಯುವ, ಕವಲೊಡೆಯುವ ಕಾಂಡವೊಂದಿದ್ದು, ಚಳಿಗಾಲದಲ್ಲಿ ಮೇಲಿನ ಭಾಗ ಒಣಗಿದರೂ ಅದು ಜೀವ ಹಿಡಿದುಕೊಂಡಿರುತ್ತದೆ. ಮರುವರ್ಷ ಅದರ ಗಿಣ್ಣುಗಳಿಂದ ಹೊಸ ಚಿಗುರು ಏಳುತ್ತದೆ. ಎಲೆಗಳು ದಪ್ಪವಾಗಿ, ನುಣುಪಾಗಿ, ಬೆರಳಿನಲ್ಲಿ ಒತ್ತಿದರೆ ರಸ ತುಂಬಿದಂತೆ ತೋರುತ್ತವೆ. ಗೋಣಿಸೊಪ್ಪನ್ನು ಕೈಯಲ್ಲಿ ಹಿಡಿದು ಗೊತ್ತಿದ್ದವರಿಗೆ ಈ ಅನುಭವ ತಟ್ಟನೆ ಅರ್ಥವಾಗುತ್ತದೆ. ಆಕಾರವೇ ಈ ಗಿಡದ ಗುರುತು. ಎಲೆ ತೊಟ್ಟಿನ ಕಡೆ ಕಿರಿದಾಗಿದ್ದು ಬೆಣೆಯಂತೆ ಮುಂದಕ್ಕೆ ಅಗಲವಾಗುತ್ತ ಹೋಗಿ, ತುದಿಯಲ್ಲಿ ಮಾತ್ರ ಮೂರು, ಕೆಲವೊಮ್ಮೆ ಐದು ಅಥವಾ ಏಳು ಹಾಲೆಗಳಾಗಿ ಸೀಳಿಕೊಂಡಿರುತ್ತದೆ. ಬಾತುಕೋಳಿಯ ಪಾದವನ್ನು ಮಕ್ಕಳು ಚಿತ್ರಿಸಿದರೆ ಹೇಗಿರುತ್ತದೋ ಹಾಗೆ. ತೊಟ್ಟಿನಿಂದ ಎಲೆಯ ಅರ್ಧದವರೆಗೂ ಅಂಚಿನಲ್ಲಿ ಹಲ್ಲುಗಳಿಲ್ಲ. ಬುಡದಲ್ಲಿ ಎಲೆಗಳು ದಟ್ಟವಾಗಿದ್ದು, ಹೂದಂಟಿನ ಮೇಲೆ ಏರುತ್ತ ಹೋದಂತೆ ಅವು ಕಡಿಮೆಯಾಗಿ, ಚಿಕ್ಕದಾಗಿ, ಕೊನೆಗೆ ಬರಿಯ ಪಟ್ಟಿಯಂತಾಗುತ್ತವೆ.

ಹೂದಂಟು ಒಂಟಿಯಾಗಿ ಏಳುತ್ತದೆ, ಒಂದೊಂದು ದಂಟಿನ ತುದಿಯಲ್ಲಿ ಒಂದೇ ಹೂವು. ಸಾಮಾನ್ಯವಾಗಿ ಗಿಡದ ಎತ್ತರ 10ರಿಂದ 30 ಸೆಂಟಿಮೀಟರ್. ನನ್ನ ಎರಡು ಗಿಡಗಳು 17 ಮತ್ತು 22 ಸೆಂಟಿಮೀಟರಿಗೆ ನಿಂತವು. ‘ಹೂವು’ ಎಂದು ಬರೆದೆನಾದರೂ, ಸೂರ್ಯಕಾಂತಿ ಕುಟುಂಬದ ಎಲ್ಲ ಗಿಡಗಳಂತೆ ಇದರಲ್ಲೂ ನಾವು ಹೂವೆಂದು ಕರೆಯುವುದು ನೂರಾರು ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತೊತ್ತಾಗಿ ಕುಳಿತಿರುವ ಚೆಂಡುಮಂಜರಿ. ಹೊರಸುತ್ತಿನ ಕಿರುಹೂಗಳು ಹೆಣ್ಣು. ಪ್ರತಿಯೊಂದೂ ಒಂದು ಬಿಳಿಯ ಪಟ್ಟಿಯನ್ನು ಹೊರಕ್ಕೆ ಚಾಚಿರುತ್ತದೆ, ನಾವು ದಳವೆಂದು ಕೀಳುವುದು ಅದನ್ನೇ. ನಾನು ಎಣಿಸಿದ ಒಂಬತ್ತು ಹೂಗಳಲ್ಲಿ ಇವು 21ರಿಂದ 27ರವರೆಗೆ ಇದ್ದವು. ಬಾಡುವಾಗ ಬಿಳಿಯ ಪಟ್ಟಿಗಳ ಅಂಚಿಗೆ ನಸುಗೆಂಪು ಏರುತ್ತದೆ. ಚೀಟಿಯಲ್ಲಿ ಇದರ ಪ್ರಸ್ತಾಪವೇ ಇಲ್ಲ, ಆದರೆ ನನಗೆ ಅರಳಿದ ಹೂವಿಗಿಂತ ಈ ಬಾಡುವ ಹೂವೇ ಹೆಚ್ಚು ಇಷ್ಟವಾಯಿತು. ನಡುವಿನ ಹಳದಿ ತಟ್ಟೆಯಲ್ಲಿರುವ ಕಿರುಹೂಗಳು ದ್ವಿಲಿಂಗಿಗಳು, ಐದು ಹಲ್ಲುಗಳ ಪುಟ್ಟ ಕೊಳವೆಗಳು. ಹೊರಗಿನಿಂದ ಒಳಕ್ಕೆ, ಸುತ್ತುಸುತ್ತಾಗಿ ಅರಳುತ್ತ ಹೋಗುತ್ತವೆ. ಹೂಮಂಜರಿಯ ಒಟ್ಟು ಅಗಲ ಹೆಚ್ಚುಕಡಿಮೆ ಮೂರರಿಂದ ಐದು ಸೆಂಟಿಮೀಟರ್. ನಮ್ಮ ಮಾರುಕಟ್ಟೆಯ ದಪ್ಪ ಸೇವಂತಿಗೆಯಲ್ಲಿ ಬೆಳೆಗಾರರ ಶತಮಾನಗಳ ಆಯ್ಕೆಯಿಂದ ಹೆಚ್ಚಿನ ಕಿರುಹೂಗಳೆಲ್ಲ ಪಟ್ಟಿಯ ರೂಪ ತಾಳಿ, ನಡುವಿನ ತಟ್ಟೆ ಕಣ್ಣಿಗೇ ಬೀಳದಂತಾಗಿದೆ. ಆ ಆಯ್ಕೆಗೆ ಮುಂಚಿನ ಸರಳ ಏರ್ಪಾಡನ್ನು ನೋಡಬೇಕೆನ್ನುವವರು ಈ ಗಿಡವನ್ನು ನೋಡಬಹುದು.

ಹೂವನ್ನು ತಿರುಗಿಸಿ ಕೆಳಗಡೆಯಿಂದ ನೋಡುವುದು ಇನ್ನೊಂದು ಪರೀಕ್ಷೆ. ಮಂಜರಿಯನ್ನು ಬಟ್ಟಲಿನಂತೆ ಹಿಡಿದಿರುವ ಹಸಿರು ಉಪಪತ್ರಗಳು ಮೂರು ನಾಲ್ಕು ಸುತ್ತುಗಳಲ್ಲಿ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಪ್ರತಿಯೊಂದರ ಅಂಚೂ ಒಣಹಾಳೆಯಂತೆ ತೆಳ್ಳಗಿದ್ದು ಕಂದಿನಿಂದ ಕಪ್ಪಿನವರೆಗಿನ ಬಣ್ಣ ಹೊಂದಿರುತ್ತದೆ. ಕಾಡಿಗೆ ಎಳೆದಂತೆ ಕಾಣುವ ಈ ಗೆರೆಗಳು ಮೊಗ್ಗಿನಲ್ಲೇ ಸ್ಪಷ್ಟ. ಕಾಯಿಯಾದ ಮೇಲೆ ಸಿಗುವುದು ಒಂದೊಂದೇ ಬೀಜವಿರುವ, ಉದ್ದುದ್ದ ಏಣುಗಳಿರುವ ಸಣ್ಣ ಒಣಫಲ. ಅದರ ತಲೆಯ ಮೇಲೆ ರೋಮದ ಕುಚ್ಚು ಇಲ್ಲ. ಆದ್ದರಿಂದ ‘ಅಜ್ಜನ ಗಡ್ಡ’ದಂತೆ ಗಾಳಿಯಲ್ಲಿ ತೇಲಿ ದೂರ ಹೋಗುವ ಉಪಾಯ ಇದಕ್ಕಿಲ್ಲ.

ಇನ್ನು ಮೂರನೆಯ ಕುಂಡ. ಜೂನ್ ಮಧ್ಯಕ್ಕೆ, ಮೊದಲ ಎರಡರಲ್ಲಿ ಮೊಗ್ಗಿನ ಸುಳಿವೂ ಇಲ್ಲದಿದ್ದಾಗ, ಇದು ಮೊಣಕಾಲೆತ್ತರಕ್ಕೆ ಬೆಳೆದು ಕವಲೊಡೆದು ಐದಾರು ಬಿಳಿ ಹೂಗಳನ್ನು ಬಿಟ್ಟಿತು. ಮನೆಗೆ ಬಂದವರೆಲ್ಲ ಇದನ್ನೇ ಹೊಗಳಿದರು ಎಂಬುದನ್ನು ಮುಚ್ಚಿಡುವುದಿಲ್ಲ. ಎಲೆಗಳು ತೆಳುವಾಗಿದ್ದವು, ಅಂಚಿನುದ್ದಕ್ಕೂ ಹಲ್ಲುಹಲ್ಲಾಗಿದ್ದವು, ದಂಟಿನ ಮೇಲಿನ ಎಲೆಗಳಿಗೆ ತೊಟ್ಟೇ ಇರದೆ ಅವು ಬುಡದಿಂದ ದಂಟನ್ನು ತಬ್ಬಿಕೊಂಡಿದ್ದವು. ಅನುಮಾನ ಬಂದು, ಅಲಾಸ್ಕಾ ವಿಶ್ವವಿದ್ಯಾಲಯ ಫೇರ್‌ಬ್ಯಾಂಕ್ಸ್‌ನ ಕೃಷಿ ವಿಸ್ತರಣಾ ಸೇವೆಗೆ ಚಿತ್ರಗಳನ್ನು ಕಳುಹಿಸಿದೆ. ಅದು ಲ್ಯೂಕ್ಯಾಂತಿಮಮ್ ವಲ್ಗೇರ್, ಇಲ್ಲಿಯವರ ಮಾತಿನಲ್ಲಿ ಆಕ್ಸ್‌ಐ ಡೇಸಿ ಎಂಬ ಉತ್ತರ ಬಂತು. ಯುರೋಪಿನಿಂದ ತೋಟದ ಹೂವಾಗಿ ಮತ್ತು ಬೀಜಗಳ ಜೊತೆಗಿನ ಕಲಬೆರಕೆಯಾಗಿ ಉತ್ತರ ಅಮೆರಿಕಕ್ಕೆ ಬಂದ ಈ ಗಿಡ ಬೀಜದಿಂದಲೂ ನೆಲದಡಿಯ ಕಾಂಡದಿಂದಲೂ ಹಬ್ಬುತ್ತದೆ. ಅಲಾಸ್ಕಾದ ರಸ್ತೆಬದಿಗಳಲ್ಲಿ, ಹುಲ್ಲುಗಾವಲುಗಳಲ್ಲಿ ಸ್ಥಳೀಯ ಸಸ್ಯಗಳನ್ನು ಒತ್ತರಿಸುವ ಆಕ್ರಮಣಕಾರಿ ಕಳೆಯೆಂದು ಇದನ್ನು ಎಣಿಸುತ್ತಾರೆ. ಇದೂ ನಮ್ಮ ಕಾಂಗ್ರೆಸ್ ಗಿಡವೂ ಒಂದೇ ಕುಟುಂಬದವು. ಕಾಂಗ್ರೆಸ್ ಗಿಡ ಮೊದಲ ಬಾರಿಗೆ ಊರಿಗೆ ಬಂದಾಗ ಅದನ್ನು ಯಾರೂ 14 ಡಾಲರ್ ಕೊಟ್ಟು ತರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಕಾಯಿ ಕಟ್ಟುವ ಮುನ್ನವೇ ಗಿಡವನ್ನು ಬೇರುಸಹಿತ ಕಿತ್ತು, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಗೊಬ್ಬರದ ಗುಂಡಿಗೆ ಹಾಕದೆ ಕಸದ ಗಾಡಿಗೆ ಕೊಟ್ಟೆ.

ಈ ತಪ್ಪು ಸಣ್ಣದಲ್ಲ. ಸ್ಥಳೀಯ ಹೂವೆಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮಾರಿದ ಕುಂಡದಲ್ಲಿ, ಸ್ಥಳೀಯ ಹೂಗಳನ್ನೇ ನುಂಗುವ ಗಿಡವಿತ್ತು. ಗೊತ್ತಿಲ್ಲದವರು ಅದನ್ನೇ ಆರ್ಕ್ಟಿಕ್ ಡೇಸಿಯೆಂದು ನಂಬಿ, ಬೀಜ ಕಟ್ಟಲು ಬಿಟ್ಟು, ನೆರೆಹೊರೆಯವರಿಗೂ ಹಂಚುತ್ತಿದ್ದರು. ಚೀಟಿಯ ಮೇಲಿದ್ದ 45 ಸೆಂಟಿಮೀಟರ್ ಎತ್ತರ, ಬೇಸಿಗೆಯುದ್ದದ ಹೂ, ಫಲವತ್ತಾದ ಮಣ್ಣು ಇವೆಲ್ಲ ಆಕ್ಸ್‌ಐ ಡೇಸಿಗೋ ಅದರ ತೋಟದ ಬಂಧು ಶಾಸ್ತಾ ಡೇಸಿಗೋ ಹೊಂದುವ ವಿವರಗಳು ಎಂಬುದು ಆಗ ಹೊಳೆಯಿತು. ಬೇರೊಂದು ಚೀಟಿಯಿಂದ ನಕಲು ಮಾಡಿ ಹೆಸರನ್ನಷ್ಟೇ ಬದಲಿಸಿದ್ದಾರೆ ಎಂದು ನನ್ನ ಊಹೆ. ನರ್ಸರಿಗೆ ಹೋಗಿ ಹೇಳಿದಾಗ ಅವರು ವಾದ ಮಾಡದೆ ಒಂದು ಕುಂಡದ ಹಣವನ್ನು ಮರಳಿಸಿದರು. ಸಸಿಯ ತಟ್ಟೆಯಲ್ಲಿ ಪಕ್ಕದ ಬೀಜ ಬಿದ್ದು ಮೊಳೆತಿರಬೇಕು ಎಂದರು. ಅದು ಆಗಬಹುದಾದ ಮಾತೇ. ಆದರೆ ಸೆಪ್ಟೆಂಬರಿನಲ್ಲಿ ಮತ್ತೆ ಹೋದಾಗಲೂ ಅದೇ ಚೀಟಿ ಅಲ್ಲೇ ಇತ್ತು.

ಉಳಿದ ಎರಡು ಗಿಡಗಳು ಅಪ್ಪಟವೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಎರಡು ದಾರಿಗಳಿದ್ದವು. ಒಂದು, ಫೇರ್‌ಬ್ಯಾಂಕ್ಸ್‌ನಲ್ಲಿರುವ ವಿಶ್ವವಿದ್ಯಾಲಯದ ಉತ್ತರ ವಸ್ತುಸಂಗ್ರಹಾಲಯದ ಸಸ್ಯಸಂಗ್ರಹ. ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಗಳ ದಾಖಲೆಗಳನ್ನು ಅವರು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಬಿಡಿಗಾಸೂ ಕೇಳದ ಈ ಸೇವೆಗೆ ನನ್ನಿಂದ ಪೂರ್ಣ ಅಂಕ. ಇನ್ನೊಂದು, ಗಿಡ ಇರುವಲ್ಲಿಗೇ ಹೋಗುವುದು. ಆಗಸ್ಟ್ ಎರಡನೆಯ ವಾರ ಆಂಕರೇಜಿನಿಂದ ಸುಮಾರು 300 ಕಿಲೋಮೀಟರ್ ದೂರದ ನಿನಿಲ್ಚಿಕ್ ಎಂಬ ಹಳ್ಳಿಗೆ ಹೊರಟೆವು. ಕೀನಾಯ್ ಪರ್ಯಾಯ ದ್ವೀಪದ ಪಶ್ಚಿಮ ಅಂಚಿನಲ್ಲಿ, ಕುಕ್ ಇನ್‌ಲೆಟ್ ಎಂಬ ಕಡಲ ಚಾಚಿಗೆ ಮುಖ ಮಾಡಿರುವ, ರಷ್ಯನ್ನರ ಕಾಲದ ಹಳ್ಳಿ ಇದು. ದಿಬ್ಬದ ಮೇಲೆ ಹಳೆಯ ಆರ್ಥೊಡಾಕ್ಸ್ ಚರ್ಚಿದೆ, ನೀರಿನಾಚೆ ಹಿಮ ಹೊತ್ತ ಜ್ವಾಲಾಮುಖಿಗಳಿವೆ. ನೋಡುವವರೆಲ್ಲ ಆ ಕಡೆ ನೋಡುತ್ತಾರೆ. ನಾವು ನೆಲ ನೋಡಿಕೊಂಡು ನಡೆದೆವು.

ಕುಕ್ ಇನ್‌ಲೆಟ್‌ನಲ್ಲಿ ಉಬ್ಬರ ಇಳಿತಗಳ ಅಂತರ ಜಗತ್ತಿನಲ್ಲೇ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಅತಿ ಎತ್ತರದ ಉಬ್ಬರ ಬಂದು ಮುಟ್ಟುವ ಗೆರೆಯಲ್ಲಿ, ಒಣಗಿದ ಕಡಲಪಾಚಿ ಮತ್ತು ತೇಲಿಬಂದ ಮರದ ದಿಮ್ಮಿಗಳ ಹಿಂದೆ, ಜಲ್ಲಿ ಬೆರೆತ ಕಪ್ಪು ಮರಳಿನಲ್ಲಿ ನಮ್ಮ ಕುಂಡದ ಎಲೆಗಳನ್ನೇ ಹೋಲುವ ಬಾತುಪಾದದ ಎಲೆಗಳು ಕಂಡವು. ಸುತ್ತ ಕಡಲಂಚಿನ ದಪ್ಪ ಹುಲ್ಲು, ಕಡಲಬಟಾಣಿಯ ಬಳ್ಳಿ, ತಗ್ಗಿನಲ್ಲಿ ಇಸಬ್ಗೋಲಿನ ಬಂಧುವಾದ ಕಡಲತೀರದ ಪ್ಲಾಂಟೇಗೊ ಗಿಡದ ಸಣ್ಣ ಕದಿರುಗಳು. ಹೂಗಳು ಗುಂಪುಗುಂಪಾಗಿದ್ದರೂ ಒಂದೊಂದು ದಂಟಿಗೆ ಒಂದೊಂದೇ. ಗಾಳಿ ಜೋರಾಗಿರುವ ಬಯಲಿನಲ್ಲಿ ಗಿಡಗಳು ಒಂದು ಗೇಣನ್ನೂ ಮೀರಿರಲಿಲ್ಲ. ದಿಮ್ಮಿಯ ಮರೆಯಲ್ಲಿದ್ದವು ಮಾತ್ರ ಅದನ್ನು ಮೀರಿ ಎದ್ದಿದ್ದವು. ದಪ್ಪ ಎಲೆಗೆ ಕಾರಣ ಅಲ್ಲಿ ನಿಂತಾಗ ಮನದಟ್ಟಾಯಿತು. ಉಪ್ಪಿನ ನೆಲದಲ್ಲಿ ನೀರು ಕಣ್ಣೆದುರೇ ಇದ್ದರೂ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ದಕ್ಕಿದ್ದನ್ನು ಎಲೆ ಕೂಡಿಟ್ಟುಕೊಳ್ಳಬೇಕು, ಒಳಬಂದ ಉಪ್ಪನ್ನು ಆ ನೀರಿನಲ್ಲೇ ತೆಳುವಾಗಿಸಬೇಕು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಬ್ಬರದ ಉಪ್ಪುನೀರು ನುಗ್ಗಿದರೂ ಕಗ್ಗ ಭತ್ತ ತಲೆಯೆತ್ತಿ ನಿಲ್ಲುವುದನ್ನು ನಾನು ಚಿಕ್ಕಂದಿನಿಂದ ಕಂಡವನು. ಅದು ಬೆಚ್ಚನೆಯ ಕೆಸರು, ಇದು ಮಂಜು ಕರಗಿದ ಜಲ್ಲಿ. ಆದರೂ ಬೇರಿಗೆ ಎದುರಾಗುವ ಉಪ್ಪಿನ ಕಷ್ಟ ಎರಡರಲ್ಲೂ ಒಂದೇ.

ಚೀಟಿಯ ‘ಉತ್ತರ ಧ್ರುವದ ಬಯಲು’ ಎಂಬ ಮಾತು ಎಷ್ಟು ತಪ್ಪೆಂಬುದು ಈ ಗಿಡದ ಹರಡುವಿಕೆಯನ್ನು ನೋಡಿದರೆ ತಿಳಿಯುತ್ತದೆ. ಇದು ಒಳನಾಡಿನ ಗಿಡವೇ ಅಲ್ಲ, ಕರಾವಳಿಯ ಗಿಡ. ನಕ್ಷೆಯಲ್ಲಿ ಇದರ ನೆಲೆಗಳನ್ನು ಗುರುತಿಸಿದರೆ ಖಂಡಗಳ ಅಂಚಿಗೆ ಹೊಲಿದ ದಾರದಂತೆ ಕಾಣುತ್ತದೆ. ಸಸ್ಯವಿಜ್ಞಾನಿಗಳು ಇದರಲ್ಲಿ ಎರಡು ಉಪಪ್ರಭೇದಗಳನ್ನು ಗುರುತಿಸುತ್ತಾರೆ. ಆರ್ಕ್ಟಿಕಮ್ ಎಂಬ ಮೊದಲನೆಯದು ಶಾಂತಸಾಗರದ ಉತ್ತರ ತೀರಗಳದ್ದು: ಕುರಿಲ್ ದ್ವೀಪಗಳು, ಕಮ್ಚಾಟ್ಕಾ, ಅಲ್ಯೂಷಿಯನ್ ದ್ವೀಪಮಾಲೆ, ಅಲಾಸ್ಕಾದ ದಕ್ಷಿಣ ಕರಾವಳಿ ಮತ್ತು ಅಲ್ಲಿಂದ ಬ್ರಿಟಿಷ್ ಕೊಲಂಬಿಯಾದ ಕಡೆಗೆ. ಪೊಲಾರೆ ಎಂಬ ಎರಡನೆಯದು ಇನ್ನೂ ಗಿಡ್ಡ, ಎಲೆಯ ಸೀಳುಗಳೂ ಕಡಿಮೆ. ಅದು ಐರೋಪ್ಯ ರಷ್ಯಾದ ಉತ್ತರ ತೀರದಿಂದ ಸೈಬೀರಿಯಾದ ಅಂಚಿನುದ್ದಕ್ಕೂ ಸಾಗಿ, ಅಲಾಸ್ಕಾದ ಪಶ್ಚಿಮ ಮತ್ತು ಉತ್ತರ ತೀರಗಳನ್ನು ಬಳಸಿ, ಕೆನಡಾದ ಆರ್ಕ್ಟಿಕ್ ಕರಾವಳಿಯಲ್ಲಿ ಮುಂದುವರಿದು, ಹಡ್ಸನ್ ಕೊಲ್ಲಿಗೆ ಇಳಿಯುತ್ತದೆ. ಹೆಸರಿನ ತಮಾಷೆಯೆಂದರೆ, ‘ಆರ್ಕ್ಟಿಕ್’ ಎಂಬ ಬಿರುದು ಹೊತ್ತ ಮೊದಲನೆಯ ಉಪಪ್ರಭೇದ ಬಹುಪಾಲು ಆರ್ಕ್ಟಿಕ್ ವೃತ್ತದ ದಕ್ಷಿಣಕ್ಕೇ ಬದುಕುತ್ತದೆ. ಆ ವೃತ್ತದೊಳಗೆ ನಿಜವಾಗಿ ಕಾಲಿಟ್ಟಿರುವುದು ಪೊಲಾರೆ. ನಿನಿಲ್ಚಿಕ್ಕಿನದೂ ನನ್ನ ಕುಂಡಗಳದೂ ಮೊದಲನೆಯದು.

ಹಡ್ಸನ್ ಕೊಲ್ಲಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ತಣ್ಣೀರು ಮತ್ತು ತಡವಾಗಿ ಕರಗುವ ಮಂಜು ಆರ್ಕ್ಟಿಕ್ ಪರಿಸರವನ್ನು ದಕ್ಷಿಣಕ್ಕೆ ಎಳೆದು ತಂದಿವೆ. ಅದರಿಂದ ಈ ಹೂವು ಮಾನಿಟೋಬಾದ ಚರ್ಚಿಲ್ ಪಟ್ಟಣದ ತೀರದಲ್ಲಿ ಮಾತ್ರವಲ್ಲದೆ, ಒಂಟಾರಿಯೊ ಮತ್ತು ಕ್ವಿಬೆಕ್‌ಗಳ ನಡುವೆ ಕೊಕ್ಕೆಯಂತೆ ಇಳಿದಿರುವ ಜೇಮ್ಸ್ ಕೊಲ್ಲಿಯವರೆಗೂ ಸಿಗುತ್ತದೆ. ಅಲ್ಲಿ ನೆಲವೂ ಇದಕ್ಕೆ ಅನುಕೂಲ ಮಾಡಿಕೊಡುತ್ತಿದೆ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮಂಜಿನ ಭಾರಕ್ಕೆ ಕುಸಿದಿದ್ದ ಭೂಮಿ, ಮಂಜು ಕರಗಿ ಸಾವಿರಾರು ವರ್ಷಗಳಾದರೂ ಇನ್ನೂ ಮೇಲೇಳುತ್ತಲೇ ಇದೆ. ಚರ್ಚಿಲ್ ಬಳಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು. ತೀರ ಚಪ್ಪಟೆಯಾಗಿರುವುದರಿಂದ ಒಂದು ಸೆಂಟಿಮೀಟರ್ ಏರಿದರೂ ಕಡಲು ಹಿಂದೆ ಸರಿದು ಹೊಸ ಉಪ್ಪುನೆಲ ತೆರೆದುಕೊಳ್ಳುತ್ತದೆ, ಹಿಂದಿನ ನೆಲವನ್ನು ಪೊದೆಗಳು ಆವರಿಸುತ್ತವೆ. ತೀರದ ಗಿಡಗಳು ತಲೆಮಾರಿನಿಂದ ತಲೆಮಾರಿಗೆ ಕಡಲಿನ ಬೆನ್ನು ಹತ್ತಿ ನಡೆಯಬೇಕಾಗುತ್ತದೆ. ಇದೇ ತೀರದಲ್ಲಿ ಇನ್ನೊಂದು ಕಷ್ಟವೂ ಇದೆ. ದಕ್ಷಿಣದ ಹೊಲಗಳಲ್ಲಿ ಚಳಿಗಾಲ ಕಳೆದು ಸಂಖ್ಯೆ ಹೆಚ್ಚಿಸಿಕೊಂಡ ಬಿಳಿ ಹೆಬ್ಬಾತುಗಳು ವಸಂತದಲ್ಲಿ ಇಲ್ಲಿಗೆ ಬಂದು ಉಪ್ಪುಜೌಗಿನ ಹುಲ್ಲನ್ನು ಬೇರುಸಹಿತ ಅಗೆದು ತಿನ್ನುತ್ತವೆ. ಹೊದಿಕೆ ಹೋದ ಮಣ್ಣು ಬಿಸಿಲಿಗೆ ಒಣಗಿ ಉಪ್ಪುಗಟ್ಟಿ, ವರ್ಷಗಟ್ಟಲೆ ಏನೂ ಮೊಳೆಯದ ಬಂಜರಾಗುತ್ತದೆ. ಚರ್ಚಿಲ್ ಬಳಿಯ ಲಾ ಪೆರೂಸ್ ಕೊಲ್ಲಿಯ ಸುತ್ತ ಇಂಥ ಬಂಜರುಗಳನ್ನು ಸಂಶೋಧಕರು ದಶಕಗಳ ಕಾಲ ಅಳೆದಿದ್ದಾರೆ.

ಗ್ರೀನ್‌ಲ್ಯಾಂಡಿನಲ್ಲೂ ನಾರ್ವೆಯ ದ್ವೀಪಸಮೂಹವಾದ ಸ್ವಾಲ್ಬಾರ್ಡ್‌ನಲ್ಲೂ ಈ ಗಿಡವಿಲ್ಲ. 2008ರಿಂದ ಸ್ವಾಲ್ಬಾರ್ಡಿನ ನ್ಯೂ ಓಲೆಸುಂಡ್‌ನಲ್ಲಿ ಕೆಲಸ ಮಾಡುತ್ತಿರುವ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರಕ್ಕೆ ಹೋಗಿಬಂದವರು ಅಲ್ಲಿ ಈ ಕುಟುಂಬದ ಹೂವನ್ನು ಕಂಡೆವೆಂದರೆ ಅದು ದಂಡೇಲಿಯನ್ ಆಗಿರುವ ಸಂಭವವೇ ಹೆಚ್ಚು.

ಹೆಸರಿನ ವಿಷಯದಲ್ಲಿ ಚೀಟಿ ಬರೆದವರನ್ನು ನಾನು ದೂರುವುದಿಲ್ಲ, ಏಕೆಂದರೆ ಸಸ್ಯವಿಜ್ಞಾನಿಗಳೇ ಒಂದು ಹೆಸರಿಗೆ ನಿಂತಿಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಸೇವಂತಿಗೆಯ ಜಾತಿಯಲ್ಲೇ ಸೇರಿಸಿ ಕ್ರಿಸಾಂತಿಮಮ್ ಆರ್ಕ್ಟಿಕಮ್ ಎಂದು ಕರೆದ. 1961ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ಟ್ಸ್ವೆಲೆವ್ ಇದನ್ನು ಡೆಂಡ್ರಾಂತಿಮ ಎಂಬ ಜಾತಿಗೆ ಸರಿಸಿದರು; 1985ರಲ್ಲಿ ಅವರೇ ಇದಕ್ಕಾಗಿ ಆರ್ಕ್ಟಾಂತಿಮಮ್ ಎಂಬ ಪ್ರತ್ಯೇಕ ಜಾತಿಯನ್ನು ಕಟ್ಟಿದರು. ಇಂದು ಕೆಲವು ಗ್ರಂಥಗಳಲ್ಲಿ ಮೊದಲನೆಯ ಹೆಸರೂ ಕೆಲವುಗಳಲ್ಲಿ ಕೊನೆಯ ಹೆಸರೂ ಸಿಗುತ್ತವೆ. ಜಪಾನಿನ ಹೊಕ್ಕೈದೊ ತೀರದ ಒಂದು ಸೋದರಸಸ್ಯವನ್ನು ಇದರದೇ ಉಪಪ್ರಭೇದವೆಂದವರೂ ಇದ್ದಾರೆ, ಬೇರೆ ಪ್ರಭೇದವೆಂದವರೂ ಇದ್ದಾರೆ. ಜಾತಿಯ ಹೆಸರು ಯಾವುದೇ ಇರಲಿ, ಸೇವಂತಿಗೆಯ ನೆಂಟಸ್ತಿಕೆ ಮಾತ್ರ ನಿಜ: ಎರಡರ ವರ್ಣತಂತುಗಳ (ಕ್ರೋಮೋಸೋಮುಗಳ) ಮೂಲಸಂಖ್ಯೆಯೂ ಒಂಬತ್ತೇ, ತೋಟದ ಸೇವಂತಿಗೆಯಲ್ಲಿ ಅದು ಆರು ಪಟ್ಟಾಗಿ ಸಾಮಾನ್ಯವಾಗಿ 54ಕ್ಕೆ ಏರಿದೆ. ಚಳಿ ತಡೆಯುವ ಹೊಸ ಸೇವಂತಿಗೆಗಳನ್ನು ಬೆಳೆಸುವ ಉದ್ದೇಶದಿಂದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಅಲಾಸ್ಕಾದ ಈ ಕಾಡುಗಿಡಗಳನ್ನು ಅಧ್ಯಯನ ಮಾಡುತ್ತಿರುವುದಕ್ಕೂ ಇದೇ ಕಾರಣ.

ಇದೇ ಸೀಮೆಯಲ್ಲಿ ಗೊಂದಲ ಹುಟ್ಟಿಸುವ ಇನ್ನೆರಡು ಬಿಳಿಹೂಗಳಿವೆ. ಕಡಲತೀರದ ಕ್ಯಾಮೊಮೈಲಿನ ಎಲೆ ಸಬ್ಬಸಿಗೆಯಂತೆ ನೂಲುನೂಲಾಗಿ ಹರಿದಿರುತ್ತದೆ, ಹಾಗಾಗಿ ಒಮ್ಮೆ ನೋಡಿದವರು ಮತ್ತೆ ತಪ್ಪುವುದಿಲ್ಲ. ಇನ್ನೊಂದು ಹುಲ್ಟೇನಿಯೆಲ್ಲ ಇಂಟೆಗ್ರಿಫೋಲಿಯ, ಅಲಾಸ್ಕಾದ ಸಸ್ಯಗಳನ್ನು ಬದುಕಿಡೀ ಅಭ್ಯಾಸ ಮಾಡಿದ ಸ್ವೀಡನ್ನಿನ ಎರಿಕ್ ಹುಲ್ಟೇನ್ ಹೆಸರನ್ನು ಹೊತ್ತದ್ದು. ಇದು ಒಳನಾಡಿನ ಒಣ, ಸುಣ್ಣಕಲ್ಲಿನ ತಂಡ್ರಾದಲ್ಲಿ ಬೆಳೆಯುತ್ತದೆ, ಎಲೆ ಸೀಳಿಲ್ಲದ ಕಿರಿದಾದ ಪಟ್ಟಿ. ಚೀಟಿಯ ‘ಬಯಲು’ ಎಂಬ ಮಾತು ಯಾವುದಕ್ಕಾದರೂ ಹೊಂದುವುದಿದ್ದರೆ ಇದಕ್ಕೆ ಹೊಂದೀತು.

ಸಾಕುವ ವಿಷಯದಲ್ಲಿ ನನ್ನ ಅನುಭವ ಒಂದೇ ಬೇಸಿಗೆಯದು, ಆದರೂ ಎರಡು ಕುಂಡಗಳು ಒಂದು ಪಾಠ ಹೇಳಿಕೊಟ್ಟವು. ಮೊದಲ ಕುಂಡಕ್ಕೆ ಚೀಟಿಯ ಮಾತನ್ನು ನಂಬಿ ಗೊಬ್ಬರದ ಮಣ್ಣು ತುಂಬಿದೆ. ಎರಡನೆಯದಕ್ಕೆ ಅರ್ಧಕ್ಕರ್ಧ ಜಲ್ಲಿ ಮತ್ತು ಒರಟು ಮರಳ ಬೆರೆಸಿದೆ, ಉಪ್ಪನ್ನೇನೂ ಹಾಕಲಿಲ್ಲ. ಗೊಬ್ಬರದ ಕುಂಡದಲ್ಲಿ ಎಲೆ ಸೊಂಪಾಗಿ ಬಂತು, ಹೂವು ಎರಡೇ, ದಂಟುಗಳು ಮಳೆಗೆ ಒರಗಿದವು. ಮರಳಿನ ಕುಂಡದಲ್ಲಿ ಗಿಡ ಬಿಗಿಯಾಗಿ ನಿಂತು ಏಳು ಹೂ ಕೊಟ್ಟಿತು. ಅಂದರೆ ಈ ಗಿಡಕ್ಕೆ ಬೇಕಾದದ್ದು ಬಿಸಿಲು, ನೀರು ನಿಲ್ಲದ ನೆಲ ಮತ್ತು ಯಜಮಾನರ ಕೊಂಚ ಅಲಕ್ಷ್ಯ. ಮೊದಲ ಹೂ ಅರಳಿದ್ದು ಆಗಸ್ಟ್ 11ರಂದು. ‘ಬೇಸಿಗೆಯುದ್ದಕ್ಕೂ’ ಎಂಬುದು ಸುಳ್ಳಾಯಿತು. ಆದರೆ ಹೂಗಳು ಸೆಪ್ಟೆಂಬರಿನ ಮೊದಲ ಚಳಿಗೂ ಜಗ್ಗಲಿಲ್ಲ, ತೋಟದ ಉಳಿದ ಹೂಗಳೆಲ್ಲ ಮುಗಿದ ಮೇಲೂ ಇವು ಉಳಿದವು. ಊರಿನ ಸೇವಂತಿಗೆ ಹಗಲು ಕಿರಿದಾಗುವವರೆಗೆ ಮೊಗ್ಗು ಬಿಡದು. ಇಲ್ಲಿ ಆಗಸ್ಟ್ ಮಧ್ಯದಲ್ಲೂ ಹಗಲು 15 ಗಂಟೆ ಮೀರಿರುವಾಗಲೇ ಇದು ಅರಳಿ ನಿಂತಿತ್ತು. ಯುರೋಪಿನ ನರ್ಸರಿಗಳಲ್ಲಿ ಇದರ ನಸುಗೆಂಪಿನ ‘ರೋಸಿಯಮ್’, ತಿಳಿಹಳದಿಯ ‘ಶ್ವೇಫೆಲ್‌ಗ್ಲಾಂಟ್ಸ್’ ಎಂಬ ತಳಿಗಳೂ ಸಿಗುತ್ತವೆ. ಅಲ್ಲಿ ಅವುಗಳನ್ನು ಅಕ್ಟೋಬರಿನ ಹೂವೆಂದೇ ಮಾರುತ್ತಾರೆ. ಬೆಂಗಳೂರಿಗೆ ಬೀಜ ಕಳುಹಿಸು ಎಂದು ಅಕ್ಕ ಕೇಳಿದ್ದಳು, ಬೇಡವೆಂದೆ. ಚಳಿಗಾಲದ ದೀರ್ಘ ನಿದ್ದೆಗೆ ಒಗ್ಗಿದ ಗಿಡವನ್ನು ಅಲ್ಲಿ ಬೆಳೆಸಲು ಹೊರಡುವುದು ಗಿಡಕ್ಕೂ ಅಕ್ಕನಿಗೂ ಹಿಂಸೆ.

ಆಂಕರೇಜಿನ ಸುತ್ತಮುತ್ತ ಇರುವವರು ಈ ಗಿಡವನ್ನು ಕೊಳ್ಳಬಹುದೇ ಎಂದು ಕೇಳಿದರೆ, ಖಂಡಿತ ಕೊಳ್ಳಬಹುದು ಎನ್ನುತ್ತೇನೆ. ಆದರೆ ಮೇ ತಿಂಗಳಲ್ಲಿ ಬೇಡ. ಆಗಸ್ಟಿನಲ್ಲಿ ಹೂವಿರುವಾಗ ಹೋಗಿ, ಎಲೆಯ ತುದಿಯನ್ನೂ ಹೂವಿನ ಕೆಳಗಿನ ಕಪ್ಪಂಚನ್ನೂ ಕಣ್ಣಾರೆ ನೋಡಿ ಆರಿಸಿಕೊಳ್ಳಿ. ಅದಕ್ಕೂ ಮೊದಲೇ ಕೊಳ್ಳುವುದಾದರೆ, ಎಲೆಯನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ. ಕಾಗದದಂತೆ ತೆಳುವಾಗಿದ್ದರೆ ಚೀಟಿಯಲ್ಲಿ ಏನೇ ಬರೆದಿರಲಿ, ಕುಂಡವನ್ನು ಅಲ್ಲೇ ಇಟ್ಟು ಬನ್ನಿ. ತೀರಕ್ಕೆ ಹೋಗಿ ಕಾಡುಗಿಡವನ್ನು ಕಿತ್ತು ತರುವ ಯೋಚನೆ ಮಾತ್ರ ಬೇಡ. ನನ್ನ ಮರಳಿನ ಕುಂಡವನ್ನು ಬೇಲಿಯ ಬುಡದಲ್ಲಿ ಕತ್ತಿನವರೆಗೆ ಹೂತಿದ್ದೇನೆ, ಮೂರು ಕಾಯಿಗಳನ್ನು ದಂಟಿನಲ್ಲೇ ಬಿಟ್ಟಿದ್ದೇನೆ. ಗೊಬ್ಬರದ ಕುಂಡದ ಗಿಡವನ್ನೂ ಮಣ್ಣು ಬದಲಿಸಿ ಅದರ ಪಕ್ಕದಲ್ಲೇ ಇಟ್ಟಿದ್ದೇನೆ.